ಹೇಳಲ್ಲ ಅನ್ನುತ್ತಲೇ ಹೇಳಿಬಿಡುವ ಆಂಟನಿ

‘ಅವನ ಸಾಲದ ವಿಷಯ ನಾನು ಎತ್ತೋದಿಲ್ಲಪ್ಪ’ ಅಂದರೆ ಎತ್ತಿದ ಹಾಗೇ ತಾನೇ? ಇಂಗ್ಲಿಷ್ ಸಾಹಿತ್ಯದಲ್ಲಿ ಈ ಕಿಲಾಡಿತನಕ್ಕೆ ಪ್ಯಾರಲಿಪ್ಸಿಸ್ ಅಂತ ಹೆಸರು; ಅಪೋಫಸಿಸ್ ಅಂತಲೂ ಕರೀತಾರೆ.

ಷೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’, 3ನೇ ಅಂಕ, 2ನೇ ದೃಶ್ಯ. ಕೊಲೆಯಾದ ಸೀಸರನ ಶವದ ಪಕ್ಕ ನಿಂತು ಅವನ ಗೆಳೆಯ ಆಂಟನಿ ಜನರಿಗೆ ಸೀಸರನ ಉಯಿಲು ತೋರಿಸುತ್ತಾನೆ. ಓದಲಾರೆ, ಓದಿದರೆ ನೀವು ಕೆರಳುತ್ತೀರಿ ಅನ್ನುತ್ತಾನೆ. ಮಾತಿನ ಭರದಲ್ಲೆಂಬಂತೆ, ವಾರಸುದಾರರು ಜನರೇ ಎಂಬ ಗುಟ್ಟನ್ನೂ ಬಿಟ್ಟುಕೊಡುತ್ತಾನೆ! ಇನ್ನು ಜನ ಸುಮ್ಮನಿರುತ್ತಾರೆಯೇ? ‘ಓದು, ಓದು’ ಎಂದು ಕೂಗುತ್ತಾರೆ. ಕೊನೆಗೆ ಓದಿದಾಗ, ಪ್ರತಿ ರೋಮನ್ ಪ್ರಜೆಗೂ 75 ದ್ರಾಕ್ಮಾ.

ಅದೇ ಭಾಷಣದಲ್ಲಿ, ಕೊಂದವರಲ್ಲಿ ಒಬ್ಬನಾದ ಬ್ರೂಟಸನನ್ನು ಮತ್ತೆ ಮತ್ತೆ ಗೌರವಸ್ಥ ಎಂದು ಹೊಗಳಿ ಚುಚ್ಚುವುದು ಐರನಿ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅದನ್ನೇ ಬರೆಯೋದು. ನನ್ನ ಲೆಕ್ಕದಲ್ಲಿ ಉಯಿಲಿನ ಆಟವೇ ಹೆಚ್ಚು ಅಪಾಯಕಾರಿ. ಮುಂದಿನ ಸಲ ಎರಡನ್ನೂ ಹೆಸರಿಸಿ ಬರೆಯಿರಿ.