ನೂರು ದಿನಗಳ ಕಾವಲು

ಅರಸೀಕೆರೆಯ ನನ್ನ ತಂಗಿಯ ಮಗ ಯಲಹಂಕ ಉಪನಗರದ ನಮ್ಮ ಮನೆಯಲ್ಲಿ ಮೂರು ತಿಂಗಳು ಇದ್ದ. ರಕ್ತದ ಕ್ಯಾನ್ಸರಿಗೆ ನಗರದ ಆಸ್ಪತ್ರೆಯೊಂದರಲ್ಲಿ ಅವನಿಗೆ ಆಕರ ಕೋಶಗಳ ಕಸಿ ನಡೆದಿತ್ತು. ದಾನಿ ಅವನ ಅಕ್ಕ. ಗಂಡಾಂತರ ಕಳೆಯಿತೆಂದು ಭಾವಿಸಿದ ಬಂಧುಗಳು ಹಣ್ಣು ಹಂಪಲು ಹಿಡಿದು ಬಂದರು. ಅವರನ್ನು ಗೇಟಿನಿಂದಲೇ ಹಿಂದಕ್ಕೆ ಕಳುಹಿಸುವ ಅಪ್ರಿಯ ಕೆಲಸ ನನ್ನ ಪಾಲಿಗೆ ಬಂತು. ಕೆಲವರು ಇಂದಿಗೂ ಮುನಿಸಿಕೊಂಡಿದ್ದಾರೆ.

ಅಂದು ಅವರಿಗೆ ವಿವರಿಸಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಕಸಿಗೆ ಮುನ್ನ ನೀಡುವ ಪ್ರಬಲ ಔಷಧಿಗಳು ರೋಗಿಯ ಅಸ್ಥಿಮಜ್ಜೆಯನ್ನು ಬರಿದು ಮಾಡುತ್ತವೆ. ಎರಡು-ಮೂರು ವಾರಗಳಲ್ಲಿ ಹೊಸ ರಕ್ತಕಣಗಳು ಹುಟ್ಟಲಾರಂಭಿಸಿದರೂ, ವೈರಾಣುಗಳನ್ನು ಗುರುತಿಸಿ ಕೊಲ್ಲುವ ಟಿ-ಕೋಶಗಳು ಪಳಗಲು ತಿಂಗಳುಗಳೇ ಬೇಕು. ದಾನಿಯ ಕೋಶಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳದಂತೆ ಕೊಡುವ ಔಷಧಿಗಳು ಅವನ್ನು ಇನ್ನಷ್ಟು ಕಟ್ಟಿಹಾಕುತ್ತವೆ.

ಶತ್ರು ಹೊರಗಿನಿಂದಲೇ ಬರಬೇಕೆಂದಿಲ್ಲ. ನಮ್ಮ ದೇಶದ ಬಹುಪಾಲು ವಯಸ್ಕರ ಒಡಲಲ್ಲಿ ಸೈಟೋಮೆಗಾಲೊವೈರಸ್ ಸದ್ದಿಲ್ಲದೆ ಮಲಗಿರುತ್ತದೆ. ಕಾವಲು ತಪ್ಪಿದಾಗ ಎಚ್ಚೆತ್ತು ಶ್ವಾಸಕೋಶವನ್ನೋ ಕರುಳನ್ನೋ ಹಿಡಿಯುತ್ತದೆ. ಸರ್ಪಸುತ್ತಿನ ವೈರಾಣುವೂ ಹೀಗೆಯೇ ಹೊಂಚು ಹಾಕಿರುತ್ತದೆ. ಆದ್ದರಿಂದಲೇ ಮೊದಲ 100 ದಿನ ವಾರಕ್ಕೊಮ್ಮೆ ಪಿಸಿಆರ್ ರಕ್ತಪರೀಕ್ಷೆ. ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯಲ್ಲಿ, ಮುಖಗವಸು ತೊಟ್ಟ ಹುಡುಗನ ಪಕ್ಕದಲ್ಲಿ ಕುಳಿತು ಆ ವಾರಗಳನ್ನು ಎಣಿಸಿದ್ದೇನೆ. ಆರನೆಯ ವಾರ ವೈರಸ್ ಕಾಣಿಸಿತು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಕೂಡಲೇ ಗ್ಯಾನ್ಸಿಕ್ಲೋವಿರ್ ಆರಂಭಿಸಿದ್ದರಿಂದ ಕಾಯಿಲೆಯಾಗುವ ಮೊದಲೇ ಅದು ಅಡಗಿತು. ಆದರೆ ಆ ಔಷಧಿ ಹೊಸ ಬಿಳಿ ರಕ್ತಕಣಗಳನ್ನೂ ಕುಗ್ಗಿಸುತ್ತದೆ. ಅಮೆರಿಕದಲ್ಲಿ 2017ರಲ್ಲಿ ಅನುಮೋದನೆ ಪಡೆದ ಲೆಟರ್ಮೋವಿರ್‌ಗೆ ಆ ದೋಷವಿಲ್ಲ; ಅದರ ಬೆಲೆ ಮಾತ್ರ ಭಾರಿ.

ಭಾರತದ ಮೊದಲ ಅಸ್ಥಿಮಜ್ಜೆ ಕಸಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. ಇಂದು ಬೆಂಗಳೂರಿನಲ್ಲಿಯೇ ಈ ಚಿಕಿತ್ಸೆ ದೊರೆಯುತ್ತದೆ. ಕಸಿಯಾದವರು ನಮ್ಮ ಬೀದಿಗಳಲ್ಲಿಯೇ ಇದ್ದಾರೆ. ಅವರನ್ನು ಕಾಣುವ ರೀತಿ ಮಾತ್ರ ನಾವಿನ್ನೂ ಕಲಿತಿಲ್ಲ.

ಕಸಿಯ ನಂತರ ಬಾಲ್ಯದ ಲಸಿಕೆಗಳ ರಕ್ಷಣೆಯೂ ಕ್ಷೀಣಿಸುವುದರಿಂದ ಅವನ್ನು ಮತ್ತೆ ಹಾಕಿಸಬೇಕು. ದಡಾರದಂತಹ ಜೀವಂತ ಲಸಿಕೆಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಅಲ್ಲಿಯವರೆಗೆ ಸುತ್ತಲಿನವರೇ ರೋಗಿಗೆ ರಕ್ಷೆ. ಮನೆಮಂದಿ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕು, ಕೈ ತೊಳೆಯಬೇಕು. ಆರೋಗ್ಯವಂತನಿಗೆ ಎರಡು ದಿನದ ನೆಗಡಿಯಾದದ್ದು ಇವರಿಗೆ ನ್ಯುಮೋನಿಯಾ ಆಗಬಹುದು.

ಕಾಯಿಲೆಯವರನ್ನು ನೋಡಿ ಬರುವುದು ನಮ್ಮಲ್ಲಿ ದೊಡ್ಡ ಸೌಜನ್ಯ. ಕೆಲಕಾಲ ನೋಡದೆ ಇರುವುದೂ ಸೌಜನ್ಯವೇ ಎಂದು ಮುನಿಸಿಕೊಂಡ ಬಂಧುಗಳು ಒಪ್ಪಿಯಾರೇ?