ಟಿ.ವಿ. ಜೋಡಣೆಗೆ ಸೂಕ್ತ ಕಿರು ಕೇಬಲ್

ತಪ್ಪು ಕೇಬಲ್ ಮಾರಾಟವಾದರೆ ಸರಕು ಹಿಂದಿರುಗುವುದಲ್ಲದೆ ಗ್ರಾಹಕರ ವಿಶ್ವಾಸವೂ ಕುಂದುತ್ತದೆ. ಕ್ಯಾಮೆರಾ, ಟ್ಯಾಬ್ಲೆಟ್‌ಗಳನ್ನು ಟಿ.ವಿ.ಗೆ ಜೋಡಿಸುವ ಎಚ್‌ಡಿಎಂಐ ಕೇಬಲ್‌ಗಳಲ್ಲಿ ಟಿ.ವಿ. ಕಡೆಯ ತುದಿ ಸಾಮಾನ್ಯವಾಗಿ ಒಂದೇ ಬಗೆಯದು. ವ್ಯತ್ಯಾಸವಿರುವುದು ಉಪಕರಣದ ಕಡೆಯ ತುದಿಯಲ್ಲಿ.

2006ರಲ್ಲಿ ಬಂದ ಮಿನಿ ತುದಿಯ ಅಗಲ ಸುಮಾರು 10 ಮಿ.ಮೀ.; 2009ರಲ್ಲಿ ಬಂದ ಮೈಕ್ರೋ ತುದಿಯದು ಸುಮಾರು 6 ಮಿ.ಮೀ. ದೊಡ್ಡ ತುದಿಯಂತೆ ಇವೆರಡರಲ್ಲಿಯೂ 19 ಪಿನ್‌ಗಳಿವೆ. ಆದುದರಿಂದ ಗಾತ್ರ ಕಿರಿದೆಂಬ ಕಾರಣಕ್ಕೆ ಚಿತ್ರದ ಗುಣಮಟ್ಟ ಕುಗ್ಗುವುದಿಲ್ಲ. ಮೈಕ್ರೋ ಎಚ್‌ಡಿಎಂಐ ತುದಿಯನ್ನು ಮೈಕ್ರೋ ಯುಎಸ್‌ಬಿ ಎಂದು ಭಾವಿಸಿ ಬಲವಾಗಿ ಒತ್ತಿದರೆ ಸಾಕೆಟ್ ಹಾಳಾಗಬಹುದು.

ಯುಎಸ್‌ಬಿ-ಸಿ ಸಾಕೆಟ್ ಇರುವ ಮೊಬೈಲ್‌ಗಳೆಲ್ಲವೂ ಕೇಬಲ್ ಮೂಲಕ ಟಿ.ವಿ.ಗೆ ಚಿತ್ರ ಕಳುಹಿಸಲಾರವು. ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಸೌಲಭ್ಯವಿದೆಯೇ ಎಂಬುದನ್ನು ಕೈಪಿಡಿಯಲ್ಲಿ ಪರಿಶೀಲಿಸಬೇಕು. ಮಾರಾಟಕ್ಕೆ ಮುನ್ನ ಉಪಕರಣದ ಮಾದರಿ ಸಂಖ್ಯೆಯನ್ನು ಕೇಳುವ ಪದ್ಧತಿ ವರ್ತಕರಿಗೂ ಗ್ರಾಹಕರಿಗೂ ಹಿತಕರ.