ಗದ್ದೆಯ ಸೊಳ್ಳೆ, ಮೆದುಳಿನ ಜ್ವರ

ಬೆಂಗಳೂರು–ಮಂಗಳೂರು ಹೆದ್ದಾರಿಯ ಬೆಳ್ಳೂರು ಕ್ರಾಸಿನಿಂದ ನಾಗಮಂಗಲ ದಾಟಿ ಪಾಂಡವಪುರದ ಕಡೆ ಹೊರಟರೆ ನೋಡನೋಡುತ್ತಲೇ ನೆಲದ ಬಣ್ಣ ಬದಲಾಗುತ್ತದೆ. ಬೆಳ್ಳೂರಿನ ಸುತ್ತ ರಾಗಿ, ಹುರುಳಿ, ತೆಂಗು. ಮಳೆ ಬಂದರೆ ಕೆರೆ, ಬಾರದಿದ್ದರೆ ಕೊಳವೆಬಾವಿ. ಪಾಂಡವಪುರ, ಶ್ರೀರಂಗಪಟ್ಟಣ ಹತ್ತಿರವಾದಂತೆ ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬು, ಭತ್ತದ ಗದ್ದೆ, ಗದ್ದೆಯಲ್ಲಿ ಬೆಳ್ಳಕ್ಕಿ. ಅತ್ತ ಕೆ.ಆರ್. ಪೇಟೆಗೆ ಹೇಮಾವತಿ ನಾಲೆ. ಮಂಡ್ಯ ಜಿಲ್ಲೆ ಒಂದೇ, ನೆಲ ಎರಡು ಬಗೆ. ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಊರ ಬಾಯಲ್ಲಿ ಮೆದುಳು ಜ್ವರ ಎನಿಸಿಕೊಂಡ ರೋಗ, ಈ ನೀರಿನ ಜಾಡನ್ನೇ ಹಿಡಿದು ನಡೆಯುತ್ತದೆ.

ಅದನ್ನು ಹೊತ್ತು ತರುವುದು ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್ ಎಂಬ ಸೊಳ್ಳೆ. ಹೆಸರು ನಾಲಿಗೆಗೆ ಕಷ್ಟ, ಗುರುತು ಮಾತ್ರ ಸುಲಭ: ಪುಟ್ಟ ಕಂದು ಮೈ, ಚುಚ್ಚುವ ಸೊಂಡಿಲಿನ ಸುತ್ತ ಒಂದು ಬಿಳಿ ಉಂಗುರ. ಡೆಂಗಿ ತರುವ ಈಡಿಸ್ ಮನೆಯ ಡ್ರಮ್ಮು, ಹಳೇ ಟೈರುಗಳಲ್ಲಿ ಹುಟ್ಟಿ ಹಗಲು ಕಚ್ಚಿದರೆ, ಇದು ಗದ್ದೆಯ ಸೊಳ್ಳೆ. ನಾಟಿ ಮುಗಿದ ಮೊದಲ ವಾರಗಳಲ್ಲಿ, ಪೈರು ಇನ್ನೂ ಕುಳ್ಳಗಿದ್ದು ನೀರಿಗೆ ಬಿಸಿಲು ಬೀಳುತ್ತಿರುವಾಗ, ಬಿಳಿ ಬಟ್ಟಲಿನಲ್ಲಿ ಗದ್ದೆಯ ನೀರು ಮೊಗೆದು ನೋಡಬೇಕು. ದಾರದ ತುಣುಕಿನಂಥ ಮರಿಗಳು ತಲೆ ಕೆಳಗಾಗಿ, ಬಾಲದ ತುದಿಯ ಉಸಿರಾಟದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತೂಗುತ್ತಿರುತ್ತವೆ. ನೆರಳು ಬಿದ್ದರೆ ಸಾಕು, ಕೊಂಕುತ್ತಾ ತಳಕ್ಕೆ ಇಳಿಯುತ್ತವೆ. ಮೊಟ್ಟೆಯಿಂದ ರೆಕ್ಕೆಯವರೆಗಿನ ಅವುಗಳ ಬಾಳು ಬೇಸಗೆಯ ಬಿಸಿಯಲ್ಲಿ ಸುಮಾರು ಹತ್ತೇ ದಿನ. ನಾಲೆಯ ನೀರಿನ ಜೊತೆ ಸೊಳ್ಳೆ ಬರುವುದು ಮಂಡ್ಯಕ್ಕೆ ಹೊಸದೂ ಅಲ್ಲ. ವಿಶ್ವೇಶ್ವರಯ್ಯ ನಾಲೆಗೆ ಇರ್ವಿನ್ ಎಂಬ ಹೆಸರಿದ್ದ 1930ರ ದಶಕದಲ್ಲಿ ಹೊಸ ನೀರಾವರಿಯ ಹಳ್ಳಿಗಳು ಮಲೇರಿಯಾದಿಂದ ನರಳಿದ್ದವು.

ಈ ಸೊಳ್ಳೆಗೆ ಮನುಷ್ಯನ ರಕ್ತಕ್ಕಿಂತ ದನದ ರಕ್ತ ಇಷ್ಟ. ಅದಕ್ಕೇ ಸೊಳ್ಳೆ ಹಿಡಿಯುವವರು ಮುಸ್ಸಂಜೆಗೆ ಕೊಟ್ಟಿಗೆಗೆ ಹೋಗುತ್ತಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ರಬ್ಬರ್ ಕೊಳವೆ ಸಿಕ್ಕಿಸಿದ ಗಾಜಿನ ನಳಿಕೆ. ಹಸುವಿನ ಹೊಟ್ಟೆಯ ಮೇಲೆ, ಗೋಡೆಯ ಮೇಲೆ ಕೂತ ಸೊಳ್ಳೆಯನ್ನು ಉಸಿರೆಳೆದು ನಳಿಕೆಯೊಳಕ್ಕೆ ಸೆಳೆಯುವುದು. ಒಬ್ಬ ಮನುಷ್ಯ ಗಂಟೆಗೆ ಎಷ್ಟು ಹಿಡಿದ ಎಂಬುದೇ ಲೆಕ್ಕ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಮಂಡ್ಯ ಜಿಲ್ಲೆಯ ಸೊಳ್ಳೆಗಳನ್ನೇ ಅಧ್ಯಯನ ಮಾಡಿ 1994ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ.

ವೈರಸ್ ಬಾಳುವುದು ಹಕ್ಕಿಯಲ್ಲಿ, ಹಂದಿಯಲ್ಲಿ. ಕೊಕ್ಕರೆ, ಬೆಳ್ಳಕ್ಕಿಗಳ ರಕ್ತದಲ್ಲಿ ಅದು ಸದ್ದಿಲ್ಲದೆ ಬೆಳೆಯುತ್ತದೆ. ಕೋಲಾರ ಜಿಲ್ಲೆಯ ಕಾಡುಹಕ್ಕಿಗಳಲ್ಲಿ ಈ ಸೋಂಕಿನ ಗುರುತು ಸಿಕ್ಕಿದೆ. ಹಂದಿಯ ಮೈಯಲ್ಲಂತೂ ಹೇರಳವಾಗಿ ಹೆಚ್ಚಿ, ಕಚ್ಚಿದ ಸೊಳ್ಳೆಗಳಿಗೆ ಹಂಚಿಕೆಯಾಗುತ್ತದೆ. ದನದ ರಕ್ತದಲ್ಲಿ ಸೊಳ್ಳೆಗೆ ಅಂಟುವಷ್ಟು ವೈರಸ್ ಬೆಳೆಯುವುದಿಲ್ಲ. ಹಾಗಾಗಿ ಹಸು ಒಂದು ರೀತಿಯಲ್ಲಿ ನಮ್ಮ ಪಾಲಿನ ಕಡಿತವನ್ನು ತಾನು ತಿಂದು ಕಾಯುತ್ತದೆ. ಆದರೆ ಆ ರಕ್ತವೇ ಸೊಳ್ಳೆಗೆ ಮೊಟ್ಟೆಯಿಡುವ ಬಲ. ಸಂಖ್ಯೆ ಮಿತಿಮೀರಿದಾಗ ಕೊಟ್ಟಿಗೆಯ ಸೊಳ್ಳೆ ಜಗಲಿಯಲ್ಲಿ ಮಲಗಿದ ಮಗುವಿಗೂ ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಇದು ಹರಡದು. ಈ ಜ್ವರ ಬಂದ ಮನೆಯನ್ನು ದೂರ ಇಡುವುದಕ್ಕೆ ಯಾವ ಕಾರಣವೂ ಇಲ್ಲ.

ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗಷ್ಟೇ ರೋಗ ತೀವ್ರವಾಗುತ್ತದೆ. ಹಾಗಾದವರಲ್ಲಿ ಬಹುಪಾಲು ಮಕ್ಕಳೇ. ವಿಪರೀತ ಜ್ವರ, ತಲೆನೋವು, ವಾಂತಿ, ಆಮೇಲೆ ಫಿಟ್ಸು, ಎಚ್ಚರ ತಪ್ಪುವುದು. ಹೀಗೆ ಮೆದುಳು ಊದಿಕೊಂಡವರಲ್ಲಿ ನೂರಕ್ಕೆ 30ರಷ್ಟು ಮಂದಿ ಸಾಯಬಹುದು. ಬದುಕಿದ ಎಷ್ಟೋ ಮಕ್ಕಳಿಗೆ ಮಾತು, ನಡಿಗೆ, ಕಲಿಕೆ ಮೊದಲಿನಂತೆ ಮರಳುವುದಿಲ್ಲ. ವೈರಸ್ಸನ್ನು ಕೊಲ್ಲುವ ಔಷಧ ಇನ್ನೂ ಇಲ್ಲ. ರಕ್ತ, ಬೆನ್ನುಹುರಿಯ ದ್ರವ ಪರೀಕ್ಷಿಸಿ ಇದೇ ರೋಗವೆಂದು ಖಚಿತಪಡಿಸುವ ಕೆಲಸದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ದೇಶಕ್ಕೇ ಆಧಾರ.

ಹಳ್ಳಿಯಲ್ಲಿ ಜ್ವರ ಕಂಡ ಕೂಡಲೇ ಬೀದಿಗೆ ಹೊಗೆಯಂತ್ರ ಬರುತ್ತದೆ. ಹಾರಾಡುವ ಸೊಳ್ಳೆ ಆ ಹೊತ್ತಿಗೆ ಸಾಯುತ್ತದೆ, ನಿಜ. ಎಕರೆಗಟ್ಟಲೆ ಗದ್ದೆಯಲ್ಲಿ ಹುಟ್ಟುವ ಪೀಳಿಗೆಗೆ ಅದು ಏನೂ ಮಾಡದು. ಅಲ್ಲಿ ಕೆಲಸ ಮಾಡುವುದು ರೈತನ ಕೈ: ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ನಡುನಡುವೆ ಆರಲು ಬಿಟ್ಟರೆ ಮರಿಗಳು ಒಣಗುತ್ತವೆ, ನೀರೂ ಉಳಿಯುತ್ತದೆ. ಬೇವಿನ ಹಿಂಡಿ ಬೆರೆಸಿದ ಯೂರಿಯಾ ಹಾಕಿದ ಗದ್ದೆಗಳಲ್ಲಿ ಮರಿಗಳು ಕಡಿಮೆಯಾದುದನ್ನು ಮದುರೆಯ ಸಂಶೋಧಕರು ತೋರಿಸಿದ್ದಾರೆ. ನಾಲೆಯ ನೀರು ಸರದಿಯ ಮೇಲೆ ಬರುವ ಕಡೆ, ಬಂದಾಗ ತುಂಬಿಸಿಟ್ಟುಕೊಳ್ಳುವ ರೈತನಿಗೆ ಗದ್ದೆ ಆರಿಸು ಎನ್ನುವುದು ಸುಲಭವಲ್ಲ. ಸರದಿ ನಂಬುವಂತಿದ್ದರೆ ಮಾತ್ರ ಆ ಸಲಹೆ ನಡೆಯುತ್ತದೆ.

ಮಗುವನ್ನು ನಿಜವಾಗಿ ಕಾಯುವುದು ಲಸಿಕೆ, ಅದರ ಕತೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಭಾರತದಲ್ಲಿ ಈ ರೋಗ ಮೊದಲು ಗುರುತಾದದ್ದು 1955ರಲ್ಲಿ, ವೆಲ್ಲೂರಿನ ಸೀಮೆಯಲ್ಲಿ. ಮುಂದೆ ಕೋಲಾರ, ಮಂಡ್ಯಗಳೂ ನಲುಗಿದವು. 1980ರ ದಶಕದ ಆರಂಭದಲ್ಲಿ ಕೋಲಾರದ ಒಬ್ಬ ರೋಗಿಯಿಂದ ಪಡೆದ ವೈರಸ್ಸನ್ನು ಪುಣೆಯ ಸಂಸ್ಥೆ ಜೋಪಾನ ಮಾಡಿತು. ಅದೇ ತಳಿಯನ್ನು ನಿಷ್ಕ್ರಿಯಗೊಳಿಸಿ ಮಾಡಿದ ಜೆನ್‌ವ್ಯಾಕ್ ಲಸಿಕೆ 2013ರಲ್ಲಿ ಹೊರಬಂತು. ಅದಕ್ಕೂ ಮುಂಚೆ, 2005ರಲ್ಲಿ ಗೋರಖಪುರ ಭಾಗದಲ್ಲಿ ಮಕ್ಕಳು ಸಾಲುಸಾಲಾಗಿ ಸತ್ತ ಮೇಲೆ, 2006ರಲ್ಲಿ ಚೀನಾದ ಲಸಿಕೆ ತರಿಸಿ ಹಾಕಲಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಪಡೆದದ್ದು ಬಳ್ಳಾರಿ.

ಡಿಸೆಂಬರ್ 2022ರಲ್ಲಿ ಇನ್ನೂ 10 ಜಿಲ್ಲೆಗಳ 1ರಿಂದ 15 ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆ ಲಸಿಕೆ ಹಾಕುವ ಅಭಿಯಾನ ನಡೆಯಿತು. ಆ ಪಟ್ಟಿಯಲ್ಲಿ ಹಾಸನ, ತುಮಕೂರು, ರಾಮನಗರ ಇದ್ದವು, ಮೂರೂ ಮಂಡ್ಯದ ಗಡಿಗೆ ಅಂಟಿಕೊಂಡವು. ಅಂದರೆ, ರಾಗಿ ಬೆಳೆಯುವ ಬೆಳ್ಳೂರೂ ಈ ರೋಗದ ಲೆಕ್ಕದ ಹೊರಗಿಲ್ಲ. ಕೂಸಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರದ ಚುಚ್ಚುಮದ್ದಿನ ಜೊತೆಗೇ ಇದರ ಮೊದಲ ಡೋಸು, ಒಂದೂವರೆ ವರ್ಷದ ಹೊತ್ತಿಗೆ ಎರಡನೆಯದು. ತಾಯಿ ಕಾರ್ಡಿನಲ್ಲಿ ‘ಜೆ.ಇ.’ ಎಂದು ಬರೆದ ಎರಡು ಚೌಕಗಳನ್ನು ಆಶಾ ಕಾರ್ಯಕರ್ತೆ ಬೆರಳಿಟ್ಟು ತೋರಿಸುತ್ತಾರೆ. ಮೊದಲನೆಯದು ತುಂಬಿದ್ದು ಎರಡನೆಯದು ಖಾಲಿ ಉಳಿದ ಕಾರ್ಡುಗಳ ಮನೆಗೇ ಅವರು ಮತ್ತೆ ಮತ್ತೆ ಹೋಗಬೇಕಾಗುತ್ತದೆ.